‘ಊಟ ಆಯ್ತಾ?’ ಎಂದರೆ ಗಂಟಲು ಕಟ್ಟುತ್ತಿತ್ತು

ನಮ್ಮ ಕಡೆ ಯಾರು ಸಿಕ್ಕರೂ ಮೊದಲ ಮಾತು ‘ಊಟ ಆಯ್ತಾ?’. ಬೆಳಿಗ್ಗೆಯಾದರೆ ‘ತಿಂಡಿ ಆಯ್ತಾ?’, ಸಂಜೆಯಾದರೆ ‘ಕಾಫಿ ಆಯ್ತಾ?’. ಪಕ್ಕದ ಮನೆ ಆಂಟಿ, ಹೂ ಮಾರುವ ಅಜ್ಜಿ, ಫೋನ್ ಮಾಡುವ ಚಿಕ್ಕಮ್ಮ ಎಲ್ಲರೂ ಕೇಳುವುದು ಅದನ್ನೇ. ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ, ಅದು ನಮ್ಮವರು ಪ್ರೀತಿ ತೋರಿಸುವ ರೀತಿ. ಆದರೆ ಊಟವೇ ಕಾಯಿಲೆಯಾಗಿ ಕೂತವರಿಗೆ ಅಷ್ಟು ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಸೆಕೆಂಡ್ ಪಿಯುಸಿಯಿಂದ ಬಿಇ ಮೂರನೇ ಸೆಮಿಸ್ಟರ್‌ವರೆಗೆ ನಾನು ಎಲ್ಲರಿಗೂ ಕೊಟ್ಟಿದ್ದು ಒಂದೇ ಉತ್ತರ: ‘ಹ್ಞೂಂ, ಆಯ್ತು’.

ನನಗಿದ್ದದ್ದು ಬುಲಿಮಿಯಾ. ಹಗಲೆಲ್ಲ ಏನೂ ತಿನ್ನದೆ ಇರುವುದು, ರಾತ್ರಿ ಎಲ್ಲರೂ ಮಲಗಿದ ಮೇಲೆ ತಡೆಯಲಾಗದೆ ತಿನ್ನುವುದು, ಆಮೇಲೆ ತಿಂದದ್ದನ್ನೆಲ್ಲ ಹೊರಹಾಕುವುದು. ಮರುದಿನ ‘ಇವತ್ತಿನಿಂದ ಎಲ್ಲ ಸರಿ ಮಾಡ್ತೀನಿ’ ಎಂದು ಮತ್ತೆ ಉಪವಾಸ. ಎಲೆಕ್ಟ್ರಾನಿಕ್ಸ್ ಓದುವವಳಾದ್ದರಿಂದ ಇದೊಂದು ಫೀಡ್‌ಬ್ಯಾಕ್ ಲೂಪ್ ಎಂದು ಗುರುತಿಸುವುದು ಕಷ್ಟವಾಗಲಿಲ್ಲ. ಅದನ್ನು ಆಫ್ ಮಾಡುವ ಸ್ವಿಚ್ ಎಲ್ಲಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಗೊತ್ತಿರುವವರನ್ನು ಕೇಳಬಹುದಿತ್ತು. ಕೇಳಲು ಭಯ. ಹತ್ತಿರ ಹತ್ತಿರ ಎರಡೂವರೆ ವರ್ಷ ಬಾಯಿ ಕಟ್ಟಿಹಾಕಿದ್ದ ಆ ಭಯ ನಿಜವಾಗಿ ಒಂದಲ್ಲ, ನಾಲ್ಕು. ಒಟ್ಟಿಗೆ ಇದ್ದಾಗ ಗುಡ್ಡದಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಬಿಡಿಸಿಟ್ಟಾಗ ಒಂದೊಂದಕ್ಕೂ ಉತ್ತರ ಸಿಕ್ಕಿತು. ನನ್ನ ಹಾಗೆ ‘ಆಯ್ತು’ ಎನ್ನುತ್ತಾ ಓಡಾಡುತ್ತಿರುವ ಯಾರಿಗಾದರೂ ಉಪಯೋಗವಾಗಲಿ ಎಂದು ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಹೆಸರೇ ಇಲ್ಲವಲ್ಲ!

ಜ್ವರ, ತಲೆನೋವು ಆದರೆ ಮನೆಯಲ್ಲಿ ಹೇಳಬಹುದು. ಇದನ್ನು ಏನೆಂದು ಹೇಳುವುದು? ಊಟ ಬೇಡ ಎಂದರೆ ‘ಕೊಬ್ಬು’ ಎನ್ನುತ್ತಾರೆ. ಜಾಸ್ತಿ ತಿಂದರೆ ‘ಹೊಟ್ಟೆಬಾಕಿ’. ಶನಿವಾರ ಒಪ್ಪತ್ತು ಮಾಡುತ್ತೇನೆ ಎಂದರೆ ಅಜ್ಜಿಗೆ ಖುಷಿಯೋ ಖುಷಿ, ‘ಈ ಕಾಲದಲ್ಲೂ ಎಷ್ಟು ಭಕ್ತಿ ನೋಡು’ ಎಂದು ಎಲ್ಲರಿಗೂ ಹೇಳುತ್ತಿದ್ದರು. ಕೊಬ್ಬು, ಹೊಟ್ಟೆಬಾಕತನ, ಭಕ್ತಿ ಈ ಮೂರರ ನಡುವೆ ನನ್ನ ಕಾಯಿಲೆಗೆ ಜಾಗವೇ ಇರಲಿಲ್ಲ. ಇದೆಲ್ಲ ವಿದೇಶಿ ಮಾಡೆಲ್‌ಗಳಿಗೆ ಬರುವಂಥದ್ದು, ಬನಶಂಕರಿಯ ಮುದ್ದೆ-ಬಸ್ಸಾರಿನ ಮನೆಗೆ ಯಾಕೆ ಬರುತ್ತದೆ ಎಂದುಕೊಂಡಿದ್ದೆ.

ಓದುತ್ತಾ ಹೋದಾಗ ಗೊತ್ತಾಯಿತು, ಹೆಸರು ಹಳೆಯದೇ. ಊಟವನ್ನೇ ಬಿಡುತ್ತಾ ಹೋಗುವ ಕಾಯಿಲೆಗೆ ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲೇ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟಿದ್ದರು. ಬುಲಿಮಿಯಾವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ನಿಯಂತ್ರಣ ತಪ್ಪಿ ತಿನ್ನುವ ಬಿಂಜ್ ಈಟಿಂಗ್ ಡಿಸಾರ್ಡರ್ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿತು. ‘ಇದು ನಮ್ಮ ಊರಿನ ಕಾಯಿಲೆ ಅಲ್ಲ’ ಎನ್ನುವ ನನ್ನ ವಾದವೂ ನಿಲ್ಲಲಿಲ್ಲ. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ನಡೆಸಿದ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಗಿದೆ. ಉತ್ತರಿಸಿದವರಲ್ಲಿ ಮೂರನೇ ಎರಡು ಭಾಗದಷ್ಟು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದರು. ಅಂದರೆ ನನಗಿಂತ ಮೊದಲೇ ಈ ಊರಿನಲ್ಲಿ ಯಾರೋ ಬಾಗಿಲು ತಟ್ಟಿದ್ದಾರೆ.

ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಇನ್ನೊಂದು ಪ್ರಯೋಗ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಗಮನಿಸಿದರು. ಅವರಿಗೆ ಬೇರೆ ಯೋಚನೆಯೇ ಬರದಾಯಿತು. ಅಡುಗೆ ಪುಸ್ತಕ ಓದುತ್ತಾ ಕೂತರು, ಊಟದ ಕನಸು ಕಂಡರು, ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕಾಗಲಿಲ್ಲ. ಗಟ್ಟಿಮುಟ್ಟಾದ ಗಂಡಸರಿಗೇ ಹಸಿವು ಹೀಗೆ ಮಾಡಿದ್ದರೆ, ರಾತ್ರಿ ಫ್ರಿಜ್ ಬಾಗಿಲ ಮುಂದೆ ನಿಲ್ಲುವ ನನ್ನದು ನಾಲಿಗೆ ಚಪಲವಲ್ಲ, ಉಪವಾಸ ಕೂತ ದೇಹ ಮಾಡುವ ಕೆಲಸ ಎಂದು ಅರ್ಥವಾಯಿತು.

ಅಷ್ಟೇನೂ ಸಣ್ಣ ಆಗಿಲ್ಲವಲ್ಲ

ಎರಡನೇ ಭಯ: ಡಾಕ್ಟರ್ ನಕ್ಕುಬಿಟ್ಟರೆ? ಮೂಳೆ ಕಾಣುವಷ್ಟು ಸೊರಗಿದ್ದರೆ ಯಾರಾದರೂ ನಂಬುತ್ತಾರೆ. ನಾನು ನೋಡಲು ಎಲ್ಲರ ಹಾಗೇ ಇದ್ದೆ. ಮದುವೆ ಮನೆಗಳಲ್ಲಿ ಒಬ್ಬರು ‘ಸ್ವಲ್ಪ ದಪ್ಪ ಆಗಿದ್ದೀಯಲ್ಲ’ ಎಂದರೆ, ಇನ್ನೊಬ್ಬರು ‘ಇಳಿದುಹೋಗಿದ್ದೀಯ, ಈಗಲೇ ಚೆನ್ನಾಗಿ ಕಾಣ್ತೀಯ’ ಎನ್ನುತ್ತಿದ್ದರು. ಎರಡೂ ಮಾತು ಲೂಪ್‌ಗೆ ಪೆಟ್ರೋಲ್ ಸುರಿದ ಹಾಗೆ.

ತೂಕ ನೋಡಿ ಈ ಕಾಯಿಲೆಯನ್ನು ಅಳೆಯಲು ಬರುವುದಿಲ್ಲ. ಬುಲಿಮಿಯಾ ಇರುವ ಎಷ್ಟೋ ಜನರ ತೂಕ ಸಾಮಾನ್ಯವಾಗಿಯೇ ಇರುತ್ತದೆ, ಅದಕ್ಕೇ ಮನೆಯವರ ಕಣ್ಣಿಗೂ ಬೀಳುವುದಿಲ್ಲ. ಒಳಗೆ ಮಾತ್ರ ನಷ್ಟವಾಗುತ್ತಿರುತ್ತದೆ. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಶಿಯಂ ಇಳಿಯುತ್ತದೆ, ಅದು ಹೃದಯದ ಬಡಿತವನ್ನೇ ತಪ್ಪಿಸಬಹುದು. ಹೊಟ್ಟೆಯ ಆಮ್ಲ ಹಲ್ಲಿನ ಎನಾಮೆಲ್ ತಿನ್ನುತ್ತದೆ. ಹಾಗಾಗಿ ಎಷ್ಟೋ ಸಲ ಮೊದಲು ಅನುಮಾನ ಬರುವುದು ಹಲ್ಲಿನ ಡಾಕ್ಟರಿಗೆ. ಗಂಡುಮಕ್ಕಳಿಗೂ ಇದು ಬರುತ್ತದೆ. ಜಿಮ್, ಪ್ರೋಟೀನ್ ಪೌಡರ್, ‘ಕಟಿಂಗ್’ ಎಂಬ ಮಾತುಗಳ ಹಿಂದೆ ಅಡಗಿಕೊಳ್ಳುತ್ತದೆ, ಅಷ್ಟೇ. ‘ಸಹಾಯ ಕೇಳುವಷ್ಟು ಜಾಸ್ತಿಯಾಗಿದೆಯಾ?’ ಎಂದು ದಿನವೂ ಯೋಚಿಸುವಂತಾಗಿದ್ದರೆ, ಕೇಳಲು ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಿಮ್ಹಾನ್ಸ್‌ಗೆ ಹೋಗಬೇಕಾ?

ದಕ್ಷಿಣ ಬೆಂಗಳೂರಿನಲ್ಲಿ ಬೆಳೆದ ಎಲ್ಲರಿಗೂ ಈ ಜೋಕ್ ಗೊತ್ತು. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಸಾಕು, ‘ಇವನನ್ನ ಡೈರಿ ಸರ್ಕಲ್ ಬಸ್ ಹತ್ತಿಸ್ರೋ’. ಕ್ಯಾಂಟೀನಿನಲ್ಲಿ ಆ ಜೋಕಿಗೆ ಎಲ್ಲರ ಜೊತೆ ನಗುವಾಗ ಹೊಟ್ಟೆಯೊಳಗೆ ಕಲ್ಲು ಕೂತಂತೆ ಆಗುತ್ತಿತ್ತು. ಯಾರಾದರೂ ನೋಡಿದರೆ? ಕಾಲೇಜಿಗೆ ಗೊತ್ತಾದರೆ? ನಾಳೆ ಪ್ಲೇಸ್‌ಮೆಂಟ್, ನಾಡಿದ್ದು ಮದುವೆ ಮಾತು?

ಆ ಗೇಟಿನ ಒಳಗೆ ಏನಿದೆ ಎಂದು ಜೋಕ್ ಮಾಡುವ ಎಷ್ಟು ಮಂದಿಗೆ ಗೊತ್ತು? ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಹೆಸರಿನಲ್ಲೇ ಮನಸ್ಸಿನ ಜೊತೆ ನರವಿಜ್ಞಾನವೂ ಇದೆ. ತಲೆಗೆ ಪೆಟ್ಟಾದವರು, ಮೂರ್ಛೆ ರೋಗದವರು, ಪಾರ್ಶ್ವವಾಯು ಆದವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಇಷ್ಟಾದರೂ ಆ ಗೇಟು ಭಯ ಹುಟ್ಟಿಸುತ್ತದೆ ಎಂದರೆ, ಅದೇ ಸಂಸ್ಥೆಯ ಸೆಂಟರ್ ಫಾರ್ ವೆಲ್ ಬೀಯಿಂಗ್ ಬಿಟಿಎಂ ಲೇಔಟ್ ಮೊದಲ ಹಂತದ 9ನೇ ಮೇನ್‌ನಲ್ಲಿದೆ. ಆಸ್ಪತ್ರೆಯ ಆವರಣದಿಂದ ದೂರ, ಮನೆಗಳ ನಡುವೆ. ನನ್ನಂಥವರು ಹೆದರುತ್ತಾರೆ ಎಂದು ಮೊದಲೇ ಯೋಚಿಸಿದವರು ಇದ್ದಾರೆ ಎನ್ನುವುದೇ ನನಗೆ ಸಮಾಧಾನ ತಂದಿತು.

ಕಾನೂನೂ ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಮ್ಮ ಕಾಯಿಲೆ, ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ನಮ್ಮ ಹಕ್ಕು. ಪ್ರಾಣಾಪಾಯದಂಥ ಕೆಲವು ನಿರ್ದಿಷ್ಟ ಸಂದರ್ಭ ಬಿಟ್ಟರೆ ಡಾಕ್ಟರು ಅದನ್ನು ಕಾಲೇಜಿಗಾಗಲಿ ನೆಂಟರಿಗಾಗಲಿ ಹೇಳುವಂತಿಲ್ಲ.

ಮೊದಲ ಹೆಜ್ಜೆಗೆ ಗೇಟಿನ ಅಗತ್ಯವೂ ಬೀಳಲಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಗೋಡೆಗೂ ಕಿವಿ, ಆದ್ದರಿಂದ ನಾನು ಜೆ.ಪಿ. ನಗರದ ಮಿನಿ ಫಾರೆಸ್ಟ್‌ನ ಒಂದು ಬೆಂಚಿನ ಮೇಲೆ ಕೂತು ಕರೆ ಮಾಡಿದೆ. ಯಾವ ಭಾಷೆ ಬೇಕು ಎಂದು ಕೇಳುವಷ್ಟರಲ್ಲಿ ಕೈ ನಡುಗಿ ಕಟ್ ಮಾಡಿದೆ. ಮರುದಿನ ಅದೇ ಬೆಂಚು, ಪಕ್ಕದಲ್ಲಿ ನನ್ನ ಗೆಳತಿ. ಈ ಸಲ ಮಾತಾಡಿದೆ. ಆ ಕಡೆಯವರು ನಗಲಿಲ್ಲ, ಬೈಯಲಿಲ್ಲ, ಗಾಬರಿಯಾಗಲೂ ಇಲ್ಲ. ಪೂರ್ತಿ ಕೇಳಿಸಿಕೊಂಡು, ನೇರವಾಗಿ ಒಬ್ಬ ಡಾಕ್ಟರನ್ನು ನೋಡಿ ಎಂದರು. ಮುಂದಿನ ವಾರ ನಾವಿಬ್ಬರೂ ಬಿಟಿಎಂಗೆ ಹೋದೆವು.

ಅಮ್ಮನಿಗೆ ಹೇಗೆ ಹೇಳೋದು?

ಇದು ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವ ಅಮ್ಮನಿಗೆ, ಆ ಡಬ್ಬಿಯೇ ನನ್ನ ಶತ್ರುವಾಗಿದೆ ಎಂದು ಯಾವ ಬಾಯಿಂದ ಹೇಳುವುದು? ಮೊಬೈಲಿನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡೆ. ‘ನನಗೊಂದು ಕಾಯಿಲೆ ಇದೆ. ಇದು ನಿನ್ನಿಂದ ಬಂದಿದ್ದಲ್ಲ. ನಾನು ಡಾಕ್ಟರ್ ಹತ್ರ ಹೋಗ್ತಿದ್ದೀನಿ. ನೀನು ಜೊತೆಗೆ ಬೇಕು.’ ಅವರೆಕಾಯಿ ಕಾಲ. ಅಮ್ಮ ಹಾಲಿನಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಕೂತು ಹಿತುಕುತ್ತಾ ಹೇಳಿದೆ. ಕೈಗೆ ಕೆಲಸ ಇದ್ದುದರಿಂದ ಮುಖ ನೋಡಬೇಕಾಗಲಿಲ್ಲ.

ಅವಳ ಮೊದಲ ಮಾತು ನಾನು ಹೆದರಿದ್ದಂತೆಯೇ ಬಂತು: ‘ನನ್ನ ಅಡುಗೆ ಅಷ್ಟು ಕೆಟ್ಟದಾ?’ ಆಮೇಲೆ ತುಂಬ ಹೊತ್ತು ಮಾತಿಲ್ಲ. ಪಾತ್ರೆಗೆ ಕಾಳು ಬೀಳುವ ಸದ್ದೊಂದೇ. ಕೊನೆಗೆ ಕೇಳಿದಳು, ‘ಸರಿ, ನಾನೀಗ ಏನ್ ಮಾಡ್ಬೇಕು ಹೇಳು’. ಮುಂದಿನ ತಿಂಗಳು ಅವಳೇ ನನ್ನ ಜೊತೆ ಬಂದಳು. ಸೈಕಾಲಜಿಸ್ಟ್ ಹತ್ತಿರ ನಾನು ಕೇಳದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಮನೆಗೆ ಬಂದು ಅಪ್ಪನಿಗೂ ಅತ್ತೆಯಂದಿರಿಗೂ ಒಂದೇ ಮಾತು ಹೇಳಿದಳು: ‘ಇನ್ನು ಮೇಲೆ ಇವಳ ಮೈ ವಿಚಾರ ಯಾರೂ ಮಾತಾಡಬಾರದು’. ಎಲ್ಲರ ಅಮ್ಮಂದಿರೂ ಮೊದಲ ದಿನವೇ ಹೀಗಿರುತ್ತಾರೆ ಎಂದು ನಾನು ಹೇಳಲಾರೆ. ಅಮ್ಮ ಆಗದಿದ್ದರೆ ಅಕ್ಕ, ಮಾವ, ಒಬ್ಬ ಮೇಡಂ, ಒಬ್ಬ ಗೆಳತಿ, ಯಾರಾದರೂ ಒಬ್ಬರು ಸಾಕು.

ಸ್ವಿಚ್ ಇದ್ದ ಜಾಗ

ಚಿಕಿತ್ಸೆ ಎಂದರೆ ಮಾತ್ರೆ ಕೊಟ್ಟು ಮಲಗಿಸುತ್ತಾರೆ ಎಂದುಕೊಂಡಿದ್ದೆ. ಮೊದಲು ಆಗಿದ್ದು ರಕ್ತಪರೀಕ್ಷೆ ಮತ್ತು ಇಸಿಜಿ. ಆಮೇಲೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ. ಬುಲಿಮಿಯಾಕ್ಕೆ ಇದನ್ನು ಒಗ್ಗಿಸಿದವರಲ್ಲಿ ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಮುಖ್ಯರು. ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಯಾವಾಗ, ಏನು ತಿಂದೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಅಲ್ಲಲ್ಲೇ ಬರೆಯಬೇಕು. ಲ್ಯಾಬ್ ರೆಕಾರ್ಡ್ ಬರೆದು ಅಭ್ಯಾಸವಿದ್ದ ನನಗೆ ಅದು ಸುಲಭವಾಯಿತು.

ಕಷ್ಟವಾದದ್ದು ಎರಡನೇ ಸೂಚನೆ. ರಾತ್ರಿ ತಿನ್ನುವುದನ್ನು ಹೇಗೆ ನಿಲ್ಲಿಸಬೇಕು ಎಂದು ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಅವರು ಬೆಳಿಗ್ಗೆ ತಿಂಡಿ ತಿನ್ನಿ ಎಂದರು. ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ ತಿನ್ನಬೇಕು, ಹಿಂದಿನ ರಾತ್ರಿ ಏನೇ ಆಗಿದ್ದರೂ ತಿಂಡಿ ಬಿಡುವಂತಿಲ್ಲ. ನಾನು ಹುಡುಕುತ್ತಿದ್ದ ಸ್ವಿಚ್ ರಾತ್ರಿಯ ಫ್ರಿಜ್ಜಿನಲ್ಲಿರಲಿಲ್ಲ, ನಾನು ಮುಟ್ಟದೆ ಬಿಟ್ಟ ಬೆಳಗಿನ ಇಡ್ಲಿಯಲ್ಲಿತ್ತು. ಅದನ್ನು ತಿನ್ನಲು ಧೈರ್ಯ ಬರುವುದಕ್ಕೆ ವಾರಗಳೇ ಹಿಡಿದವು. ಹಗಲು ತಿನ್ನುತ್ತಾ ಹೋದಂತೆ ರಾತ್ರಿಗಳು ಒಂದೊಂದಾಗಿ ಶಾಂತವಾದವು.

ಈಗ ಐದನೇ ಸೆಮಿಸ್ಟರ್. ಪೂರ್ತಿ ಗುಣವಾಗಿದ್ದೇನೆ ಎನ್ನಲಾರೆ. ಇಂಟರ್ನಲ್ಸ್ ವಾರದಲ್ಲಿ ಹಳೆಯ ಯೋಚನೆಗಳು ಬಂದು ಬಾಗಿಲು ತಟ್ಟುತ್ತವೆ. ಆದರೆ ಪರೀಕ್ಷೆ ಮುಗಿದ ಸಂಜೆ ಗೆಳತಿಯರ ಜೊತೆ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಿ, ದೋಸೆ ತಿಂದು, ಬಸ್ಸಿನಲ್ಲಿ ಹರಟುತ್ತಾ ಮನೆಗೆ ಬಂದು ನಿದ್ದೆ ಮಾಡುತ್ತೇನೆ. ಒಂದು ವರ್ಷದ ಹಿಂದೆ ಈ ಒಂದು ವಾಕ್ಯದಲ್ಲಿ ಯಾವುದೂ ಸಾಧ್ಯವಿರಲಿಲ್ಲ.

ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಮಾತಾಡಿದರು. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1995ರಲ್ಲಿ, ಬ್ರಿಟನ್ನಿನ ರಾಜಕುಮಾರಿ ಡಯಾನಾ ಟೀವಿ ಸಂದರ್ಶನದಲ್ಲಿ ತಮಗಿದ್ದ ಬುಲಿಮಿಯಾ ಬಗ್ಗೆ ಹೇಳಿದ್ದರು. ದೊಡ್ಡವರು ಹೇಳಿದಾಗ ಸುದ್ದಿಯಾಗುತ್ತದೆ. ನಮ್ಮ ನಿಮ್ಮಂಥವರು ಹೇಳಿದರೆ ಪಕ್ಕದ ಬೆಂಚಿನವರಿಗೆ ದಾರಿಯಾಗುತ್ತದೆ.

ನಿಮ್ಮ ಪಕ್ಕದವರು ಇಂಥದ್ದೇನಾದರೂ ಹೇಳಿದರೆ ದಯವಿಟ್ಟು ‘ಚೆನ್ನಾಗಿ ತಿನ್ನು, ಎಲ್ಲ ಸರಿಹೋಗುತ್ತೆ’ ಎನ್ನಬೇಡಿ. ‘ಯಾವಾಗ ಹೋಗೋಣ? ನಾನೂ ಬರ್ತೀನಿ’ ಎನ್ನಿ. ನನ್ನ ಗೆಳತಿ ಹೇಳಿದ್ದು ಅಷ್ಟೇ. ಮತ್ತೆ, ಇದನ್ನು ಓದುತ್ತಿರುವ ನಿಮಗೇ ಆ ಕಾಯಿಲೆ ಇದ್ದರೆ ಒಂದು ಮಾತು: ಭಯ ಹೋಗಲಿ, ಆಮೇಲೆ ಕೇಳೋಣ ಎಂದು ಕಾಯಬೇಡಿ. ಎರಡನೇ ಸಲ 14416 ಒತ್ತುವಾಗಲೂ ನನ್ನ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಒತ್ತಿದರೂ ಕರೆ ಹೋಗುತ್ತದೆ.