ಬಿರುಮಳೆ ಬಿಟ್ಟ ಮೇಲೆ ಕೆರೆದಂಡೆ ಏನಾಗುತ್ತೆ?

2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರೀತು, ನೂರಾರು ಮರ ಉರುಳಿದವು. ಇಂಥ ಮಳೆಗೆ ಕೆರೆದಂಡೆಯ ಗತಿ ಏನು?

ನೀರು ನಿಂತ ಮಣ್ಣು ಮೆತ್ತಗಾಗಿ ಬೇರಿನ ಹಿಡಿತ ಸಡಿಲವಾಗುತ್ತೆ. ಅಲೆ ಬಡಿದು ದಂಡೆ ಕುಸಿಯುತ್ತೆ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್‌ನ ಬೇರು ಮೇಲ್ಮೇಲೇ ಹರಡಿರೋದ್ರಿಂದ ಅದು ಬೇಗ ಬೀಳುತ್ತೆ. ನಮ್ಮ ಹೊಂಗೆ, ಹೊಳೆಮತ್ತಿ ಮೊದಲಿಂದಲೂ ನೀರಂಚಿನ ಮರಗಳು. ಮಣ್ಣನ್ನು ಬಿಗಿಯಾಗಿ ಹಿಡಿಯುತ್ತವೆ. ಆದ್ರೆ ವಾಕಿಂಗ್ ಪಾತ್‌ಗಾಗಿ ಬೇರು ಕಡಿದರೆ ಅವೂ ನಿಲ್ಲಲ್ಲ.

ಇನ್ನೊಂದು ವಿಷಯ. ಹೊಂಗೆಕಾಯಿ ನೀರಲ್ಲಿ ತೇಲಿಬಂದು ದಂಡೆಯ ಹಸಿಮಣ್ಣಲ್ಲಿ ಮೊಳೆಯುತ್ತೆ. ಮಳೆ ಬಿಟ್ಟ ಕೂಡಲೇ ಜೆಸಿಬಿ ತಂದು ಅಂಚನ್ನೆಲ್ಲ ಬಳಿದು ತೆಗೆದ್ರೆ ಆ ಸಸಿಗಳೂ ಹೋಗುತ್ತವೆ. ಪ್ಲಾಸ್ಟಿಕ್ ಎತ್ತಿ, ಸಸಿ ಬಿಡಿ. ನಾಳೆ ದಂಡೆ ಹಿಡಿದು ನಿಲ್ಲೋದು ಅವೇ.