ರಾತ್ರಿ ಗಾಳಕ್ಕೆ ಹೊರಟಿದ್ದೀರಾ? ಹೆಡ್‌ಲ್ಯಾಂಪ್ ಹೀಗೆ ಆಯ್ಕೆ ಮಾಡಿ

ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ಕೆಲಸಕ್ಕೆ ಬಿಟ್ಟು, ರಾತ್ರಿ ಗಾಳ ಹಿಡ್ಕೊಂಡು ಕೃಷ್ಣೆ ದಂಡೆಗೆ ಹೊರಟ್ರಾ? ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಅದೇ ಹೊಳೆ. ಮೊದಲು ತಲೆಗೆ ಕಟ್ಟೋ ಹೆಡ್‌ಲ್ಯಾಂಪ್ ಸರಿಯಾದ್ದು ತಗೊಳ್ಳಿ.

ಒಂದು, ಬೆಳಕು. ಡಬ್ಬಿ ಮೇಲೆ ಸಾವಿರಾರು ಲ್ಯೂಮೆನ್ಸ್ ಅಂತ ಬರೆದಿದ್ರೆ ಮರುಳಾಗಬೇಡಿ. ಎರೆಹುಳು ಚುಚ್ಚೋಕೆ, ದಾರಕ್ಕೆ ಗಂಟು ಹಾಕೋಕೆ ಮೊಳದೂರ ಕಂಡ್ರೆ ಆಯ್ತು. 30 ಲ್ಯೂಮೆನ್ಸ್ ಸಾಕು. ಕಲ್ಲು ದಂಡೆ ಇಳಿಯೋಕೆ 200 ಇರಲಿ. ಕಮ್ಮಿ-ಜಾಸ್ತಿ ಮಾಡೋಕೆ ಬರೋದನ್ನೇ ಕೊಳ್ಳಿ.

ಎರಡು, ಕೆಂಪು ದೀಪ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಬಿಳಿ ಬೆಳಕು ಒಮ್ಮೆ ಹೊಡೆದ್ರೆ ಮತ್ತೆ ಮೊದಲಿಂದ. ಮಂದ ಕೆಂಪು ಆ ಕತ್ತಲೆ ನೋಟ ಅಷ್ಟಾಗಿ ಕೆಡಿಸಲ್ಲ. ಅಂಗಡಿಯಲ್ಲೇ ಸ್ವಿಚ್ ಒತ್ತಿ ನೋಡಿ: ಬಿಳಿ ಹೊತ್ತದೆ ನೇರ ಕೆಂಪು ಬರಬೇಕು.

ಮೂರು, ನೀರು. ಐಪಿಎಕ್ಸ್4 ಅಂದ್ರೆ ಎರಚಲು ತಡೆಯುತ್ತೆ, ಅಷ್ಟೇ. ಐಪಿಎಕ್ಸ್7 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಇದ್ರೂ ಒಳಗೆ ನೀರು ಹೋಗಿ ಕೆಡಲ್ಲ. ಹೊಳೆಗೆ ಇದೇ ಬೇಕು.

ನಾಲ್ಕು, ಬ್ಯಾಟರಿ. ರಾತ್ರಿಯಿಡೀ ಬರಬೇಕು, ಜೇಬಲ್ಲಿ ಇನ್ನೊಂದು ಜೊತೆ ಇರಲಿ. ಬೆಲ್ಟ್ ಕಟ್ಟಿ ತಲೆ ಅಲ್ಲಾಡಿಸಿ, ಜಾರಬಾರದು.

ದೀಪ ನೀರಿಗೆ, ಪಕ್ಕದವರ ಮುಖಕ್ಕೆ ಹೊಡೀಬೇಡಿ. ವಿಜಯವಾಡದ ಪ್ರಕಾಶಂ ಬ್ಯಾರೇಜ್ ಗೇಟು ತೆಗೆದಿದ್ರೆ ಕೆಳಗಡೆ ದಂಡೆಗೆ ಇಳೀಲೇಬೇಡಿ. ಮೀನು ನಾಳೆನೂ ಸಿಗುತ್ತೆ. ನೀವು ಹುಷಾರಾಗಿ ಊರಿಗೆ ಬನ್ನಿ.