ಎಲ್ಲರೂ ಒಂದೇ ದರ ಹೇಳಿದರೆ ಅದು ಒಳಒಪ್ಪಂದವೇ?



ಕಲಬುರಗಿಯ ಗಂಜಿಗೆ ತೊಗರಿ ಒಯ್ದಾಗ ನಾಲ್ವರು ಖರೀದಿದಾರರೂ ಒಂದೇ ದರ ಹೇಳಿದರೆ, "ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆ" ಎಂದು ನಿಮಗೆ ಅನ್ನಿಸುವುದುಂಟು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರಿಗೂ ಇಂಥ ಸಂಶಯ ಬಂದೀತು. ಸಂಶಯ ನಿಜವಿರಬಹುದು. ಆದರೆ ಕಾನೂನಿನ ಮುಂದೆ ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೊಕದ್ದಮೆಯೊಂದರಿಂದ ತಿಳಿಯಬಹುದು.

2010ರಲ್ಲಿ ಇಂಡಿಯನ್ ಆಯಿಲ್ ಕಂಪನಿಯು 14.2 ಕಿಲೋ ಗ್ಯಾಸ್ ಹಿಡಿಯುವ ಸಿಲಿಂಡರುಗಳಿಗಾಗಿ ಟೆಂಡರು ಕರೆಯಿತು. ತೆರೆದು ನೋಡಿದರೆ ಅನೇಕ ಕಾರ್ಖಾನೆಗಳ ದರ ಒಂದೇ! ಅದಕ್ಕೂ ಮುನ್ನ ಕಾರ್ಖಾನೆಯವರು ಮುಂಬಯಿಯ ಹೋಟೆಲೊಂದರಲ್ಲಿ ಸಭೆ ಸೇರಿದ್ದೂ ಹೊರಬಿತ್ತು. ಭಾರತ ಸ್ಪರ್ಧಾ ಆಯೋಗವು 2012ರಲ್ಲಿ 45 ಕಂಪನಿಗಳಿಗೆ ದಂಡ ಹಾಕಿತು. ಅಪೀಲು ನ್ಯಾಯಮಂಡಳಿಯೂ ತಪ್ಪೆಂದೇ ಹೇಳಿತು. ಆದರೆ 2018ರ ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಗಳನ್ನು ರದ್ದುಪಡಿಸಿತು.

ಏಕೆ? ಅಂಥ ಸಿಲಿಂಡರು ಕೊಳ್ಳುವವರು ಮುಖ್ಯವಾಗಿ ಮೂವರೇ: ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ. ದರದ ಲೆಕ್ಕವನ್ನು ಕೊಳ್ಳುವ ಕಂಪನಿಯೇ ಹಾಕಿಕೊಂಡಿರುತ್ತಿತ್ತು. ಎಲ್ಲರಿಗಿಂತ ಕಡಿಮೆ ಹೇಳಿದವರೊಡನೆ ಚೌಕಾಸಿ ಮಾಡಿ, ಉಳಿದವರಿಗೂ ಅದೇ ದರ ಗೊತ್ತುಮಾಡುತ್ತಿತ್ತು. ಇಂಥ ಪೇಟೆಯಲ್ಲಿ ದರಗಳು ತಾವಾಗಿಯೇ ಒಂದಾಗಬಲ್ಲವು, ಆದಕಾರಣ ಒಳಒಪ್ಪಂದ ಸಾಬೀತಾಗಿಲ್ಲ ಎಂದಿತು ನ್ಯಾಯಾಲಯ.

ಬಲವೆಲ್ಲ ಕೊಳ್ಳುವವನ ಕೈಯಲ್ಲಿತ್ತೆಂಬುದನ್ನು ಗಮನಿಸಿ. ಗಂಜಿನಲ್ಲಿ ನೀವು ಆ ಕಾರ್ಖಾನೆಯವರ ಜಾಗದಲ್ಲಿದ್ದೀರಿ: ಮಾರುವವರು ಸಾವಿರ, ಕೊಳ್ಳುವವರು ಕೆಲವರು. ಹಾಗಾಗಿ ಈ ತೀರ್ಪು ಖರೀದಿದಾರರಿಗೆ ಸಿಕ್ಕ ರಹದಾರಿಯೆಂದು ನನಗೆ ತೋರುವುದಿಲ್ಲ. ಅವರು ಕೂಡಿಕೊಂಡು ದರ ಕಟ್ಟುವುದು 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮಿನಂತೆ ಇಂದಿಗೂ ನಿಷಿದ್ಧ. ಒಬ್ಬ ರೈತನಾಗಲಿ, ರೈತರ ಸಂಘವಾಗಲಿ ಶುಲ್ಕ ತೆತ್ತು ದೆಹಲಿಯ ಆಯೋಗಕ್ಕೆ ತಿಳಿಸಬಹುದು. 2023ರ ತಿದ್ದುಪಡಿಯಂತೆ ಇದಕ್ಕೆ ಮೂರು ವರ್ಷದ ಗಡುವುಂಟು. ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆಯೆಂದು ಮೊದಲು ಅಲ್ಲಿಗೆ ಓಡಬೇಕಿಲ್ಲ. ಆಯೋಗದ ಆದೇಶದ ಮೇಲಿನ ಅಪೀಲು ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ಅಪೀಲು ನ್ಯಾಯಮಂಡಳಿಗೆ.

ಬರೆಯುವಾಗ "ದರ ಒಂದೇ ಇತ್ತು" ಎಂದರೆ ಸಾಲದು. ಯಾವ ದಿನ, ಯಾವ ಮಾಲು, ಯಾರು ಎಷ್ಟು ಹೇಳಿದರು, ಅದೇ ದಿನ ಪಕ್ಕದ ಪೇಟೆಯಲ್ಲಿ ದರವೆಷ್ಟು, ಅವರು ಮಾತಾಡಿಕೊಂಡದ್ದಕ್ಕೆ ಕಾಗದವೋ ಸಾಕ್ಷಿಯೋ ಉಂಟೇ ಎಂಬುದನ್ನೂ ಬರೆಯಬೇಕು. ಅಡತಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನು ಎಸೆಯದೆ ತೆಗೆದಿಡಿ.